ಜಾನಕಮ್ಮನವರ ತಣ್ಣನೆಯ ಕೋಣೆ

ಮುಳಬಾಗಿಲಿನ ಬೇಸಿಗೆ ಯಾರನ್ನೂ ಹೆದರಿಸುವಂಥದ್ದಲ್ಲ. ಶಿವರಾತ್ರಿ ಕಳೆದ ಮೇಲೆ ಬೆಟ್ಟದ ಬಂಡೆಗಳು ಕಾಯತೊಡಗುತ್ತವೆ. ಯುಗಾದಿಯ ಹೊತ್ತಿಗೆ ಮಧ್ಯಾಹ್ನ ಬರಿಗಾಲಲ್ಲಿ ಬೀದಿ ದಾಟುವುದು ಕಷ್ಟ. ಅಷ್ಟರಲ್ಲಿ ಅಶ್ವಿನಿಯೋ ಭರಣಿಯೋ ಒಂದು ಮಳೆ ಹೊಡೆದರೆ ಅಂದು ಸಂಜೆಗೆ ಹೊದೆಯಲು ಏನಾದರೂ ಬೇಕು. ಜಾನಕಮ್ಮನವರ ಮನೆಗಂತೂ ಆ ಶೆಕೆಯೂ ತಟ್ಟುತ್ತಿರಲಿಲ್ಲ. ಮೊಳದಗಲದ ಮಣ್ಣಿನ ಗೋಡೆ, ಮೇಲೆ ಕಲ್ಲುಚಪ್ಪಡಿಯ ಮಾಳಿಗೆ. ಮೇ ತಿಂಗಳಲ್ಲೂ ನಡುಮನೆಯ ನೆಲದ ಮೇಲೆ ಮಲಗಿದರೆ ಬೆನ್ನಿಗೆ ತಂಪು ಹತ್ತುತ್ತಿತ್ತು. ಅಂಥ ಮನೆಗೆ 1979ರ ಬೇಸಿಗೆಯಲ್ಲಿ ಅವರ ಯಜಮಾನರು ಲಕ್ಷ್ಮೀನಾರಾಯಣರಾಯರು ಲಾರಿಯಲ್ಲಿ ಒಂದು ಏರ್ ಕಂಡೀಷನರ್ ತಂದು ಇಳಿಸಿದರು.

ರಾಯರು ಚಿನ್ನದ ಗಣಿಯೊಂದರ ಆಫೀಸಿನಲ್ಲಿ ಅಕೌಂಟೆಂಟರಾಗಿದ್ದು ನಿವೃತ್ತರಾಗಿದ್ದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಸಾಮಾನು ತಾಳೆ ನೋಡಲು ಗಣಿಯ ಆಳಕ್ಕೆ ಇಳಿದಿದ್ದರು. ಅಲ್ಲಿ ಬಂಡೆಗೆ ಅಂಗೈ ಇಟ್ಟರೆ ಒಲೆಯ ಪಕ್ಕದ ಗೋಡೆ ಮುಟ್ಟಿದ ಹಾಗಿತ್ತಂತೆ. "ಭೂಮಿ ಒಳಗೆಲ್ಲ ಕಾದಿದೆ ಜಾನಕಿ, ನಾವು ಅದರ ಮೇಲೆ ಚಾಪೆ ಹಾಸ್ಕೊಂಡು ಮಲಗಿದೀವಿ" ಎಂದು ಆಗಾಗ ಹೇಳುತ್ತಿದ್ದರು. ಅಂದು ಹತ್ತಿದ ಮೈ ಉರಿ ಅವರನ್ನು ಬಿಡಲಿಲ್ಲ. ಗಂಧ ತೇಯ್ದು ಹಚ್ಚಿದ್ದಾಯಿತು, ಎಳನೀರಾಯಿತು, ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದ್ದೂ ಆಯಿತು. ಗಣಿಯ ಸಾಹೇಬರೊಬ್ಬರ ಬಂಗಲೆಯ ಸಾಮಾನು ಹರಾಜಿಗೆ ಬಂದಾಗ ಅವರು ಹಿಂದೆಮುಂದೆ ನೋಡದೆ ಆ ಯಂತ್ರವನ್ನು ಕೊಂಡರು.

"ಅಲ್ರೀ, ನಮ್ಮೂರಿಗೆ ಇದು ಯಾಕ್ರೀ?" ಎಂದರು ಜಾನಕಮ್ಮ. "ವರ್ಷದಲ್ಲಿ ಒಂದು ತಿಂಗಳು ಶೆಕೆ. ಉಳಿದ ಕಾಲ ಇದಕ್ಕೆ ಧೂಳು ಒರೆಸ್ಕೊಂಡು ಕೂತಿರಬೇಕಾ? ಕೆರೆ ಕಡೆ ಕಿಟಕಿ ತೆಗೆದ್ರೆ ಬೇಕಾದಷ್ಟು ಗಾಳಿ."

"ನಿನ್ನ ಮೈಗೆ ಸಾಕು ಕಣೇ. ನನ್ನ ಮೈಗೆ ಸಾಲ್ದು."

ಬೀದಿಯ ಜನ ಬಂದು ನೋಡಿ ನಕ್ಕರು. ಊಟಿಯಲ್ಲಿ ಕೂತು ಮಂಜುಗಡ್ಡೆ ಕೊಂಡ ಹಾಗಾಯಿತು ಎಂದ ಒಬ್ಬ. ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಲೂರಿನವನಾದ ಲೈನ್‌ಮನ್ ವೆಂಕಟರಮಣಪ್ಪ ಬಂದು ಹಿತ್ತಿಲ ಕಡೆಯ ಕೋಣೆಯ ಗೋಡೆ ಒಡೆದು ಯಂತ್ರ ಕೂರಿಸಿದ. ಕೆರೆಯ ಕಡೆಗಿದ್ದ ಕಿಟಕಿಯನ್ನು ಹಲಗೆ ಹೊಡೆದು ಮುಚ್ಚಿದ. ಬಾಗಿಲ ಸಂದಿಗೆ ಕಂಬಳಿಯ ಪಟ್ಟಿ ಬಡಿದ. ಆಸ್ಪತ್ರೆಗೆ ಹೋಗುವ ಲೈನೇ ಇವರ ಮನೆಗೂ ಇದ್ದುದರಿಂದ ಕರೆಂಟು ಅಷ್ಟಾಗಿ ಹೋಗುತ್ತಿರಲಿಲ್ಲ.

ಜಾನಕಮ್ಮನವರಿಗೆ ಆ ಕೋಣೆಯ ಚಳಿಗಿಂತ ಹೆಚ್ಚಾಗಿ ಅದರ ಮೌನ ಹಿಡಿಸಲಿಲ್ಲ. ಬಾಗಿಲು ಮುಚ್ಚಿದರೆ ಊರೇ ಇಲ್ಲವಾಗುತ್ತಿತ್ತು. ಹಾಲಿನವನ ಕೂಗಿಲ್ಲ, ಬಸ್ಸಿನ ಹಾರನ್ನಿಲ್ಲ, ಗುಡಿಯ ಗಂಟೆಯಿಲ್ಲ. ಯಾರೋ ಬಾಯಿ ಮುಚ್ಚಿಕೊಂಡು ಗುನುಗುತ್ತಿರುವಂಥ ಯಂತ್ರದ ಸದ್ದು ಮಾತ್ರ. ಕಾಫಿ ಕೊಡಲು ಒಳಗೆ ಹೋದರೆ ರಾಯರು ಬರೀ ಬನಿಯನ್ನಿನಲ್ಲಿ, ಹೆಗಲ ಮೇಲೊಂದು ಕೆಂಪಂಚಿನ ವಸ್ತ್ರ ಹಾಕಿಕೊಂಡು, ಕಣ್ಣು ಮುಚ್ಚಿ ಗೋಡೆಗೊರಗಿ ಕುಳಿತಿರುತ್ತಿದ್ದರು. ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಜಾನಕಮ್ಮ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಲೋಟ ಇಟ್ಟು ಸದ್ದಿಲ್ಲದೆ ಹೊರಗೆ ಬರುತ್ತಿದ್ದರು.

1981ರ ಮೇ ತಿಂಗಳ ಒಂದು ಮಧ್ಯಾಹ್ನ ರಾಯರು ಹಾಗೆಯೇ ಕುಳಿತಲ್ಲಿ ತೀರಿಕೊಂಡರು.

ಒಬ್ಬಳೇ ಮಗಳು ಸುಂದರಾಬಾಯಿ. ಗಂಡ ರೈಲ್ವೆಯಲ್ಲಿದ್ದುದರಿಂದ ಜಬಲ್ಪುರದಲ್ಲಿದ್ದಳು. ತಂತಿ ಹೋಯಿತು. ಅವಳು ಮದ್ರಾಸಿಗೆ ಬಂದು, ಅಲ್ಲಿಂದ ಬಂಗಾರಪೇಟೆಯಲ್ಲಿಳಿದು, ಬಸ್ಸು ಹಿಡಿದು ಬರಬೇಕು. ಎರಡು ದಿನದ ದಾರಿ. ಪುರೋಹಿತರಾದ ನರಸಿಂಹಾಚಾರ್ಯರು ಸಂಜೆಯೊಳಗೇ ಎಲ್ಲ ಮುಗಿಸಬೇಕೆಂದರು.

"ಮಗಳು ನೋಡಬೇಕು" ಎಂದರು ಜಾನಕಮ್ಮ.

"ಹೆಣ ಎತ್ತೋವರೆಗೂ ಬೀದೀಲಿ ಒಲೆ ಹಚ್ಚೋ ಹಾಗಿಲ್ಲ, ಗುಡಿ ಬಾಗಿಲು ತೆಗೆಯೋ ಹಾಗಿಲ್ಲ. ಎರಡು ದಿನ ಊರನ್ನ ಉಪವಾಸ ಕೆಡವ್ತೀರಾ ಜಾನಕಮ್ಮಾ? ಈ ಬಿಸಿಲಲ್ಲಿ ದೇಹ ನಿಲ್ಲುತ್ತಾ?"

"ಆ ಕೋಣೇಲಿ ನಿಲ್ಲುತ್ತೆ."

ನಿಂತಿತು. ಜಾನಕಮ್ಮ ಯಂತ್ರದ ತಿರುಗಣಿಯನ್ನು ಕೊನೆಯವರೆಗೂ ತಿರುಗಿಸಿ, ಬಾಗಿಲು ಎಳೆದುಕೊಂಡು ಹೊಸ್ತಿಲ ಹೊರಗೆ ದೀಪ ಇಟ್ಟು ಕುಳಿತರು. ಬೀದಿಯವರು ಮೊದಲ ದಿನ ಉಪವಾಸವಿದ್ದರು. ಎರಡನೆಯ ದಿನ ಹಿತ್ತಿಲುಗಳಲ್ಲಿ ಗುಟ್ಟಾಗಿ ಅನ್ನ ಬೇಯಿತು. ಸುಂದರಾ ಬಂದಾಗ ಅಪ್ಪ ಮಲಗಿದ ಹಾಗೇ ಇದ್ದರು. ಅವಳು ಅವರ ಕೆನ್ನೆ ಮುಟ್ಟಿ ಚಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮತ್ತೆ ಮುಟ್ಟಿದಳು, ಅವರ ಪಕ್ಕ ಕುಳಿತು ಮನದಣಿಯೆ ಅತ್ತಳು. ಮಗಳ ಆ ಅಳು ಕೇಳಿದಾಗ, ತಾನು ಮಾಡಿದ್ದು ಸರಿಯೆಂದು ಜಾನಕಮ್ಮನವರಿಗೆ ಅನ್ನಿಸಿತು. ವೈಕುಂಠ ಸಮಾರಾಧನೆ ಮುಗಿದು ಮಗಳು ಹೊರಟ ಮೇಲೆ ಕೋಣೆಗೆ ಬೀಗ ಹಾಕಿದರು.

ಮರುವರ್ಷ ಏಪ್ರಿಲಿನಲ್ಲಿ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ಸುಡುಬಿಸಿಲು, ಓಣಿಯಲ್ಲಿ ನರಪಿಳ್ಳೆಯಿಲ್ಲ. ಹೊರಗೆ ಒಂದು ಎತ್ತಿನ ಗಾಡಿ, ಗಾಡಿಯಲ್ಲಿ ಬೇವಿನ ಸೊಪ್ಪು ಮುಚ್ಚಿದ ಒಂದು ಉದ್ದನೆಯ ಆಕಾರ. ಗಾಡಿಯ ಮುಂದೆ ನಿಂತಿದ್ದವನು ತಾಯಲೂರಿನ ರೈತ ಚನ್ನರಾಯಪ್ಪ. ಲೈನ್‌ಮನ್ ವೆಂಕಟರಮಣಪ್ಪ ಅವರ ಊರಿನವನೇ. ಈ ಕೋಣೆಯ ವಿಷಯ ಅವನ ಬಾಯಿಂದ ಅಲ್ಲಿಗೆ ಮುಟ್ಟಿತ್ತು.

"ನನ್ನ ತಮ್ಮ ಅಮ್ಮಾ. ಹಿಪ್ಪುನೇರಳೆ ತೋಟದಲ್ಲಿ ಹಾವು ಕಡೀತು. ನಮ್ಮವ್ವ ತಿರುಪತಿಗೆ ಹೋಗವ್ಳೆ, ನಾಳೆ ಮಧ್ಯಾನ ಬತ್ತಾಳೆ. ಅಲ್ಲೀಗಂಟ ಇವನು ನಿಲ್ಲಾಕಿಲ್ಲ. ನೀವು ದೊಡ್ಡ ಜಾತಿಯೋರು, ಕೇಳಬಾರದು. ಆದ್ರೂ ಕೇಳ್ತಿವ್ನಿ."

ಜಾನಕಮ್ಮ ಗಾಡಿಯ ಕಡೆ ನೋಡಿದರು. ಸೊಪ್ಪಿನ ಅಡಿಯಿಂದ ಒಂದು ಪಾದ ಹೊರಗೆ ಕಾಣುತ್ತಿತ್ತು. ಹಿಮ್ಮಡಿಯಲ್ಲಿ ಇನ್ನೂ ತೋಟದ ಹಸಿ ಮಣ್ಣಿತ್ತು. ಒಳಗೆ ಹೋಗಿ ಬೀಗದ ಕೈ ತಂದರು.

ಮರುದಿನ ಆ ತಾಯಿ ಬಂದು ಮಗನನ್ನು ನೋಡಿ, ಜಾನಕಮ್ಮನವರ ಕಾಲು ಹಿಡಿಯಲು ಬಗ್ಗಿದಳು. ಜಾನಕಮ್ಮ ಅವಳ ತೋಳು ಹಿಡಿದು ನಿಲ್ಲಿಸಿದರು. ಗಾಡಿ ಹೋದ ಮೇಲೆ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಕೋಣೆಯನ್ನು ಸೆಗಣಿ ನೀರಿನಿಂದ ತೊಳೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡರು.

ಮುಗಿಯಲಿಲ್ಲ. ಬಿಸಿಲು ಕಾಲದಲ್ಲಿ ಸಾವಾಗಿ, ಬರಬೇಕಾದವರು ದೂರದಲ್ಲಿದ್ದರೆ ಜನ ಜಾನಕಮ್ಮನವರ ಹಿತ್ತಿಲ ಬಾಗಿಲಿಗೆ ಬರತೊಡಗಿದರು. ಹೋಳೂರಿನಿಂದ ಬಂದರು, ಶ್ರೀನಿವಾಸಪುರದ ಮಾವಿನ ತೋಪುಗಳ ಕಡೆಯಿಂದ ಬಂದರು, ಒಮ್ಮೆ ಮಾಲೂರಿನಿಂದಲೂ ಒಂದು ವ್ಯಾನು ಬಂತು. ಬೇರೆ ಕಾಲದಲ್ಲಿ ಯಾರೂ ಬರುತ್ತಿರಲಿಲ್ಲ. ನಮ್ಮ ಸೀಮೆಯ ಹವೆಯಲ್ಲಿ ಹೆಣವೂ ಒಂದು ದಿನ ತಾನಾಗಿಯೇ ತಾಳುತ್ತದೆ. ನರಸಿಂಹಾಚಾರ್ಯರು ಆ ಮನೆಗೆ ಕಾಲಿಡುವುದನ್ನು ಬಿಟ್ಟರು. ಕೆಲಸದವಳು ಹೇಳದೆ ಕೇಳದೆ ನಿಂತುಹೋದಳು. ಪಕ್ಕದ ಮನೆಯ ಕೋದಂಡರಾಮಪ್ಪ ಮಾತ್ರ ಗೋಡೆಯ ಆಚೆಯಿಂದ ಕೇಳಿದರು: "ಜಾನಕಮ್ಮಾ, ಬದುಕಿರೋರಿಗೆ ಬೇಡದ ಯಂತ್ರ. ಇದನ್ನಿಟ್ಕೊಂಡು ಯಾಕಿಷ್ಟು ಪಾಡು?"

"ಬದುಕಿರೋರಿಗೆ ನಮ್ಮೂರ ಗಾಳಿ ಸಾಕು ಕೋದಂಡರಾಮಪ್ಪನವರೇ. ಇದು ಅವರಿಗಲ್ಲ."

ಜಾನಕಮ್ಮ ಪ್ರತಿಸಲವೂ ಹೊಸ್ತಿಲ ಹೊರಗೆ ದೀಪದ ಬಳಿ ಕುಳಿತಿರುತ್ತಿದ್ದರು. ಒಳಗಿರುವವರೊಂದಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೂ ಅವರಿಗೆ ಹತ್ತಿತು. "ನಿನ್ನ ಮಗ ಗುಂತಕಲ್ಲು ದಾಟಿರ್ತಾನೆ, ಸ್ವಲ್ಪ ತಾಳಪ್ಪ" ಎನ್ನುತ್ತಿದ್ದರು. ಹಾಗೆಂದಾಗ ಯಂತ್ರದ ಗುನುಗು ಒಂದು ಕ್ಷಣ ತಗ್ಗಿದಂತೆ ಕೇಳುತ್ತಿತ್ತು. ವೋಲ್ಟೇಜು ಇಳಿದಿರಬೇಕು ಎಂದುಕೊಳ್ಳುತ್ತಿದ್ದರು.

ಆದರೆ ವೋಲ್ಟೇಜಿನ ಮೇಲೆ ಹಾಕಲಾಗದ ಕೆಲವು ಸಂಗತಿಗಳೂ ಇದ್ದವು. ಹೆಣ ಎತ್ತಿ, ಯಂತ್ರ ನಿಲ್ಲಿಸಿ, ಬಾಗಿಲು ಹಾರು ಹೊಡೆದು ದಿನಗಳಾದರೂ ಆ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಹೊರಗೆ ಕಲ್ಲು ಸಿಡಿಯುವ ಬಿಸಿಲಿರುವಾಗ ಒಳಗೆ ಕಾಲಿಟ್ಟರೆ ತೋಳಿನ ಕೂದಲು ನಿಮಿರುತ್ತಿತ್ತು. ಮನೆಯ ಬೆಕ್ಕು ಹೊಸ್ತಿಲವರೆಗೆ ಬಂದು, ಖಾಲಿ ಕೋಣೆಯ ಗೋಡೆಯುದ್ದಕ್ಕೂ ಒಂದೊಂದೇ ಜಾಗ ದಿಟ್ಟಿಸಿ ನೋಡಿ, ಹಿಂದಕ್ಕೆ ಹೆಜ್ಜೆಯಿಡುತ್ತಿತ್ತು. ಒಮ್ಮೆ ನೆಲ ಒರೆಸುವಾಗ, ಗೋಡೆಯ ಬುಡದ ಸುಣ್ಣ ಅಲ್ಲಲ್ಲಿ ಸವೆದಿರುವುದು ಜಾನಕಮ್ಮನವರ ಕಣ್ಣಿಗೆ ಬಿತ್ತು. ಜಗಲಿಯ ಗೋಡೆಗೆ ದಿನವೂ ಒರಗಿ ಕೂರುವವರ ಬೆನ್ನಿನ ಗುರುತು ಇರುತ್ತದಲ್ಲ, ಹಾಗಿತ್ತು. ಒಂದು ಕಡೆಯದು ರಾಯರದು, ಸರಿ. ಉಳಿದವು ಯಾರವು? ಜಾನಕಮ್ಮ ಸುಣ್ಣ ತರಿಸಿ ಬಳಿದರು. ಯಾರಿಗೂ ಹೇಳಲಿಲ್ಲ.

1984ರ ಮೇ ತಿಂಗಳಲ್ಲಿ ತಾಯಲೂರಿನಿಂದಲೇ ಮತ್ತೊಂದು ಗಾಡಿ ಬಂತು. ಈ ಸಲ ಆಂಜಿನಪ್ಪ ಎಂಬಾತನ ತಾಯಿ, ಬೈರಮ್ಮ. ಬೆಳಿಗ್ಗೆ ರಾಗಿ ಬೀಸುತ್ತ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದ್ದರು. ಊರವರು ಮೂಗಿನ ಬಳಿ ಕೈ ಹಿಡಿದು ನೋಡಿ, ಹೋಯಿತು ಎಂದಿದ್ದರು. ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ ತಂದಿದ್ದರು. ಮಗಳು ಚಿತ್ತೂರಿನ ಕಡೆಯವಳು. ಆಂಜಿನಪ್ಪ ಅವಳನ್ನು ಕರೆತರಲು ಬಸ್ಸು ಹತ್ತಿದ. ಅವನ ಹೆಂಡತಿ ಭಾರತಮ್ಮ ಹಿತ್ತಿಲಿನ ನುಗ್ಗೆಮರದ ನೆರಳಿನಲ್ಲಿ ಕುಳಿತಳು.

ಬೈರಮ್ಮನನ್ನು ಮಲಗಿಸುವಾಗ ಜಾನಕಮ್ಮ ಒಂದನ್ನು ಗಮನಿಸಿದ್ದರು. ಆಕೆ ಎತ್ತರದ ಹೆಂಗಸು. ಹೊದಿಸಿದ ಬಿಳಿ ಪಂಚೆ ಮೊಣಕಾಲಿಗಿಂತ ಒಂದಿಷ್ಟೇ ಕೆಳಗೆ ಬರುತ್ತಿತ್ತು. ದಾರ ಕಟ್ಟಿದ ಪಾದಗಳೆರಡೂ ಹೊರಗಿದ್ದವು. ಇನ್ನೊಂದು ಪಂಚೆ ತಂದು ಹಾಕಬೇಕು ಎಂದುಕೊಂಡವರು ಮರೆತರು. ಸೂರ್ಯ ನೆತ್ತಿಗೆ ಬಂದಾಗ ನೆನಪಾಗಿ, ಪಂಚೆ ಹಿಡಿದು ಬಾಗಿಲು ತೆಗೆದರು.

ಪಾದಗಳು ಕಾಣಲಿಲ್ಲ.

ಮೊಣಕಾಲು ಮಡಿಚಿಕೊಂಡು, ಎರಡೂ ಪಾದಗಳನ್ನು ಪಂಚೆಯೊಳಕ್ಕೆ ಎಳೆದುಕೊಂಡು ಬೈರಮ್ಮ ಮಗ್ಗುಲಾಗಿದ್ದರು. ಚಳಿಯಾದಾಗ ನಿದ್ದೆಗಣ್ಣಿನಲ್ಲಿ ಯಾರಾದರೂ ಮುದುರಿಕೊಳ್ಳುವ ಹಾಗೆ.

ಜಾನಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು. ಯಂತ್ರ ತನ್ನ ಪಾಡಿಗೆ ಗುನುಗುತ್ತಿತ್ತು. ಆಮೇಲೆ ಅವರು ಒಳಗೆ ಹೋಗಿ ಪಂಚೆಯ ತುದಿ ಎತ್ತಿ ನೋಡಿದರು. ಹೆಬ್ಬೆರಳಿನ ದಾರ ಕಟ್ಟಿದಂತೆಯೇ ಇತ್ತು. ಎರಡು ಪಾದಗಳೂ ನಡುಗುತ್ತಿದ್ದವು.

ಸ್ವಿಚ್ಚು ಆರಿಸಿದರು. ದಾರ ಕಚ್ಚಿ ಹರಿದರು. "ಭಾರತಮ್ಮಾ, ಬಿಸಿನೀರು! ಒಲೆ ಹಚ್ಚೇ!" ಎಂದು ಕೂಗಿದರು. ಭಾರತಮ್ಮ ಓಡಿ ಬಂದು, ಅತ್ತೆಯ ಕೈ ಅಲ್ಲಾಡಿದ್ದನ್ನು ಕಂಡು, "ಅಯ್ಯೋ ದೇವುಡಾ!" ಎಂದು ಚೀರಿ ಓಣಿಗೆ ಓಡಿಹೋದಳು. ಜಾನಕಮ್ಮ ಒಬ್ಬರೇ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಹೊದಿಸಿದರು. ಯಾವ ಜಾತಿ, ಯಾವ ಮಡಿ ಒಂದೂ ನೆನಪಾಗಲಿಲ್ಲ. ಆ ತಣ್ಣನೆಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕಿದರು. ಕೋದಂಡರಾಮಪ್ಪ ಡಾಕ್ಟರನ್ನು ಕರೆತಂದರು. ಡಾಕ್ಟರು ಬಹಳ ಹೊತ್ತು ನಾಡಿ ಹಿಡಿದು ಕುಳಿತು, "ಇದೆ. ಆಳದಲ್ಲಿದೆ" ಎಂದರು. ಹೇಗೆ ಎಂದು ಕೇಳಿದ್ದಕ್ಕೆ, ತನಗೂ ಗೊತ್ತಿಲ್ಲ ಎಂದರು.

ಬಿಸಿಲಿಳಿಯುವ ಹೊತ್ತಿಗೆ ಬೈರಮ್ಮ ಕಣ್ಣು ತೆರೆದರು. ರಾಗಿ ಗಂಜಿ ಎರಡು ಗುಟುಕು ಕುಡಿದ ಮೇಲೆ ಸುತ್ತ ನೋಡಿ ಕೇಳಿದರು: "ಅವರೆಲ್ಲ ಎಲ್ಲಿಗೆ ಹೋದ್ರಮ್ಮಾ?"

"ಯಾರು?"

"ಗ್ವಾಡೆ ಉದ್ದಕ್ಕೂ ಕುಂತಿದ್ರಲ್ಲ. ಮೊಣಕಾಲು ತಬ್ಬಿಕೊಂಡು. ಆಸ್ಪತ್ರೇಲಿ ಚೀಟಿಗೆ ಕಾಯ್ತಾರಲ್ಲ, ಅಂಗೆ. ನಮ್ಮ ಚನ್ನರಾಯಪ್ಪನ ತಮ್ಮನೂ ಇದ್ದ. ಮಾತಾಡಿಸ್ದೆ. ಚಲಿ ದೊಡ್ಡಮ್ಮ, ಚಲಿ ಅಂದ. ಎಲ್ರೂ ಅದೇ, ಚಳಿ ಚಳಿ ಅಂತಿದ್ರು."

ಅಷ್ಟರಲ್ಲಿ ಮರಳಿ ಬಂದಿದ್ದ ಭಾರತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಜಾನಕಮ್ಮ ಗಂಜಿಯ ಲೋಟವನ್ನು ಕೆಳಗಿಟ್ಟರು.

"ಆ ಮೂಲೇಲಿ ಒಬ್ಬರು ದೊಡ್ಡೋರು, ಬನೀನು ಹಾಕಿದ್ರು. ಹೆಗಲ ಮೇಲೆ ಕೆಂಪಂಚಿನ ವಸ್ತ್ರ. ನನ್ನ ನೋಡಿ ಅಂದ್ರು, ನೀನು ಎದ್ದು ಹೋಗ್ತೀಯ, ಮನೆಯಾಕೆಗೆ ಹೇಳಮ್ಮ. ಅದನ್ನ ನಿಲ್ಸೋಕೆ ಹೇಳು. ಸಾಕಾಯ್ತು, ಬೆಚ್ಚಗಾಗೋಕೇ ಆಗ್ತಿಲ್ಲ, ಅಂದ್ರು."

ಬೈರಮ್ಮ ರಾಯರನ್ನು ಬದುಕಿದ್ದಾಗ ನೋಡಿದವರಲ್ಲ. ರಾಯರು ಆ ಕೋಣೆಯಲ್ಲಿ ಏನು ತೊಟ್ಟು, ಎಲ್ಲಿ ಕೂರುತ್ತಿದ್ದರೆಂಬುದು ಜಾನಕಮ್ಮನವರಿಗಲ್ಲದೆ ಬೇರೆಯವರಿಗೆ ತಿಳಿದಿರಲಿಲ್ಲ.

ಜಾನಕಮ್ಮ ಎದ್ದು ಹೋಗಿ ಬಾವಿಕಟ್ಟೆಯ ಮೇಲೆ ಕುಳಿತರು. ಜೀವಮಾನವಿಡೀ ಉರಿ ಉರಿ ಎಂದ ಮನುಷ್ಯ. ಅವರಿಗೆ ಇದಕ್ಕಿಂತ ಸುಖ ಬೇರೆಯಿಲ್ಲವೆಂದು ಎರಡು ದಿನ ಆ ಚಳಿಯಲ್ಲಿ ಮಲಗಿಸಿದ್ದರು. ಆಮೇಲೆ ಬಂದವರನ್ನೂ ಹಾಗೇ. ತಾವು ಮಾತ್ರ ಬಾಗಿಲಾಚೆ ಬೆಚ್ಚಗೆ ಕೂತು, ಸ್ವಲ್ಪ ತಾಳಿ ಸ್ವಲ್ಪ ತಾಳಿ ಎನ್ನುತ್ತಿದ್ದರು. ಗಂಡ ಸತ್ತಾಗಲೂ ಜನರೆದುರು ಅಳದಿದ್ದ ಜಾನಕಮ್ಮ ಅಂದು ಗಟ್ಟಿಯಾಗಿ ಅತ್ತರು. ಅದು ಗೋಡೆಯಾಚೆ ಕೋದಂಡರಾಮಪ್ಪನವರಿಗೂ ಕೇಳಿಸಿತು.

ಯಂತ್ರವನ್ನು ಅವರು ಮತ್ತೆ ಹಚ್ಚಲಿಲ್ಲ.

ಬೈರಮ್ಮ ಚೇತರಿಸಿಕೊಂಡು ಊರಿಗೆ ಹೋದರು. ಆಮೇಲೆ ಮುಳಬಾಗಿಲಿನ ಸಂತೆಗೆ ಬಂದಾಗಲೆಲ್ಲ ಹಿತ್ತಿಲ ಬಾಗಿಲಿನಿಂದ ಬಂದು, ಅವರೆಕಾಯೋ ಸೊಪ್ಪೋ ಕೊಟ್ಟು, ಜಾನಕಮ್ಮನವರ ಜೊತೆ ಕೂರುತ್ತಿದ್ದರು. ಒಂದೊಂದು ಸಲ ಬೈರಮ್ಮ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿ, ಇನ್ನೂ ಇದ್ದಾರೆ ಎಂಬಂತೆ ತಲೆಯಾಡಿಸಿ ಹಿಂದಿರುಗುತ್ತಿದ್ದರು.

1985ರ ಬೇಸಿಗೆಯಲ್ಲಿ ಯಲ್ದೂರಿನಿಂದ ಶ್ರೀರಾಮಪ್ಪ ಎಂಬ ಮಾವಿನ ತೋಟದವನು ಟೆಂಪೋದಲ್ಲಿ ಹೆಂಡತಿಯನ್ನು ತಂದ. ಆದಿಲಕ್ಷ್ಮಮ್ಮ ಎಂದು ಹೆಸರು. ಮಗಳು ಬೊಂಬಾಯಿಯಿಂದ ಹೊರಟಿದ್ದಳು. ಜಾನಕಮ್ಮ ಆಗುವುದಿಲ್ಲ ಎಂದರು.

"ಎಲ್ರಿಗೂ ಮಾಡಿದೀರಿ. ನನಗೆ ಯಾಕಮ್ಮಾ ಇಲ್ಲ? ನಾನೇನು ತಪ್ಪು ಮಾಡ್ದೆ?" ಎಂದು ಅವನು ಕೈಮುಗಿದು ಅತ್ತ.

ಅಂದು ಸಂತೆಯ ದಿನ, ಬೈರಮ್ಮ ಅಲ್ಲೇ ಇದ್ದರು. ಅವರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಬ್ಯಾಡ ಕಣಪ್ಪ. ಆ ರೂಮಲ್ಲಿ ಒಂದು ದಪ ಮಲಗಿ ಎದ್ದು ಬಂದೋಳು ನಾನು, ನಂಗೊತ್ತು. ಮಣ್ಣು ಬೆಚ್ಚಗಿರ್ತದೆ. ಕರ್ಕೊಂಡು ಹೋಗು."

ಶ್ರೀರಾಮಪ್ಪ ಹೋದ. ಎರಡು ದಿನ ಕಳೆದು ಅವನ ಮಗಳು ಜಾನಕಮ್ಮನವರ ಬಾಗಿಲಿಗೆ ಬಂದು, ತಾಯಿಯ ಮುಖ ಕಾಣದಂತೆ ಮಾಡಿದಿರಿ ಎಂದು ಬೀದಿಯೆಲ್ಲ ಕೇಳುವಂತೆ ಬೈದಳು. ಜಾನಕಮ್ಮ ಹೊಸ್ತಿಲಲ್ಲಿ ನಿಂತು ಕೊನೆಯವರೆಗೂ ಕೇಳಿಸಿಕೊಂಡರು. ಅವಳು ಬೈದು ಸುಸ್ತಾದಾಗ ಒಂದು ಲೋಟ ಮಜ್ಜಿಗೆ ಕೊಟ್ಟರು. ಅವಳು ಕುಡಿಯದೆ ಹೋದಳು. ಅಂದೇ ವೆಂಕಟರಮಣಪ್ಪನನ್ನು ಕರೆಸಿ ಯಂತ್ರ ಕಿತ್ತುಹಾಕಿಸಿದರು. ಕಿಟಕಿಯ ಹಲಗೆಗಳನ್ನೂ ತೆಗೆಸಿದರು. ಕೆರೆಯ ಕಡೆಯ ಗಾಳಿ ಎಷ್ಟೋ ವರ್ಷದ ಮೇಲೆ ಆ ಕೋಣೆಯೊಳಗೆ ನುಗ್ಗಿತು. ಊರಿನ ಸದ್ದೂ ಬಂತು. ವೆಂಕಟರಮಣಪ್ಪ ಆ ಡಬ್ಬಿಯನ್ನು ಗುಜರಿಗೆ ಹಾಕಿದ.

ಬೈರಮ್ಮ ಮುಂದಿನ ಡಿಸೆಂಬರಿನಲ್ಲಿ, ಅವರೆಯ ಕಾಲದಲ್ಲಿ, ಮತ್ತೆ ಹಾಗೆಯೇ ಕೂತಲ್ಲಿ ವಾಲಿದರು. ಈ ಸಲ ಏಳಲಿಲ್ಲ. ಜಾನಕಮ್ಮ ಬಸ್ಸು ಹತ್ತಿ ತಾಯಲೂರಿಗೆ ಹೋಗಿ, ಆ ಪಾದಗಳನ್ನು ಬಹಳ ಹೊತ್ತು ಹಿಡಿದು ನೋಡಿ, ಸರಿ ಎಂದ ಮೇಲೆಯೇ ಊರವರು ಮಣ್ಣಿಗಿಟ್ಟರಂತೆ.

1987ರ ಮೇ ತಿಂಗಳಲ್ಲಿ ಮಗಳು ಸುಂದರಾ ಬಂದಳು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಕೋಣೆಯಲ್ಲಿ ಮಲಗುತ್ತೇನೆಂದು ಹೋದಳು. ಅಲ್ಲಿ ಗೋಡೆಯುದ್ದಕ್ಕೂ ಕುರಿ ಕಂಬಳಿಗಳು ಸಾಲಾಗಿದ್ದವು. ಒಂದೊಂದೂ ಅಚ್ಚುಕಟ್ಟಾಗಿ ಮಡಿಸಿ, ಒಂದೊಂದು ಆಳಿನ ಅಂತರ ಬಿಟ್ಟು ಇಟ್ಟಿದ್ದು.

"ಇಷ್ಟೊಂದು ಕಂಬಳಿ ಯಾರಿಗಮ್ಮಾ? ಅದೂ ಈ ಶೆಕೇಲಿ?"

"ಇರಲಿ ಬಿಡೇ" ಎಂದರು ಜಾನಕಮ್ಮ.

ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಸುಂದರಾಳಿಗೆ ಒಳ್ಳೆಯ ನಿದ್ದೆ ಬಂತು. ಎಚ್ಚರವಾದಾಗ ಅಮ್ಮ ಅವಳ ತಲೆಯ ಹತ್ತಿರ ಬಗ್ಗಿ, ಒಂದು ಕಂಬಳಿ ಬಿಚ್ಚಿ ಹೊದಿಸುತ್ತಿದ್ದರು.

"ಬೇಡಮ್ಮ, ಶೆಕೆ ನನಗೆ."

"ನಿನಗಲ್ಲ ಕಣೇ" ಎಂದರು ಜಾನಕಮ್ಮ. ಅವರ ಕೈ ಸುಂದರಾಳನ್ನು ದಾಟಿ ಮೂಲೆಯ ಕಡೆಗೆ ಹೋಯಿತು.

ಜಾನಕಮ್ಮ ತೀರಿಕೊಂಡಿದ್ದು 1989ರ ಏಪ್ರಿಲಿನಲ್ಲಿ, ಬಿಸಿಲು ಬಲವಾಗಿದ್ದಾಗ. ನನಗಾಗಿ ಯಾರನ್ನೂ ಕಾಯಬೇಡಿ, ಬೇಗ ಎತ್ತಿಬಿಡಿ ಎಂದು ಕೋದಂಡರಾಮಪ್ಪನವರ ಕೈಹಿಡಿದು ಹೇಳಿದ್ದರು. ನರಸಿಂಹಾಚಾರ್ಯರೇ ಬಂದು, ಸಂಜೆಯೊಳಗೆ ಎಲ್ಲ ಮುಗಿಸಿದರು. ಸುಂದರಾ ಬಂದಾಗ ಬೂದಿಯೂ ಆರಿತ್ತು. ಯಾಕೆ ಕಾಯಲಿಲ್ಲ ಎಂದು ಅವಳು ಕೇಳಲಿಲ್ಲ. ಅಳುತ್ತ ಒಳಗೆ ಹೋಗಿ, ಕೆರೆಯ ಕಡೆಯ ಆ ಕಿಟಕಿಯ ಮುಂದೆ ಕುಳಿತಳು.